ಐದು ನಿಮಿಷ ಬಿಟ್ಟು ಬಾ

ಬೆಟಗೇರಿ ನೇಕಾರ ಸಂಘದ ಹಿಂದಿನ ಖೋಲಿ,
ಸರ್ವರ್ ಮ್ಯಾಲೆ ನೂಲಿನ ಧೂಳ.
ರಾತ್ರಿಯೆಲ್ಲಾ ಬಾಗಲಾ ಬಡಿತಾವ
ಲಾಟರಿ, ತೂಕ ಇಳಿಸೋ ಪುಡಿ,
ಯಾವುದೋ ದೇಶದಾಗ ಸತ್ತ ಸಾವಕಾರನ ಆಸ್ತಿ.

ಮೊದಲ ನಾನು ಮಾತು ನೋಡಿ ತಡದೆ.
ರೊಕ್ಕ, ಅರ್ಜಂಟ್ ಅಂದವರ ಕುತ್ತಿಗಿ ಹಿಡದೆ.
ನರಗುಂದದ ಇಮಾಮಬಿ
ಹನ್ನೆರಡು ಸೀರಿ ಬಾಕಿ ತೀರಸಾಕ
ಬರದದ್ದು ಒಂದ ಸಾಲು:
ಅರ್ಜಂಟ್, ರೊಕ್ಕ ಕಳಸ್ತೇನಿ, ಖಾತೆ ನಂಬರ್ ಹೇಳ್ರಿ.
ಎಂಟು ದಿನ ಕಸದಾಗ ಬಿದ್ದಿತ್ತು.

ಅವ್ವ ಬಾಗಲ ಮ್ಯಾಲೆ ಸುಣ್ಣದಾಗ ಬರೀತಿದ್ಲು
ದೆವ್ವಕ್ಕ: ನಾಳೆ ಬಾ.
ಗುರುತಿಲ್ಲದವರಿಗೆ ಈಗ ನಾನೂ ಅಂತೇನಿ
ಐದು ನಿಮಿಷ ಬಿಟ್ಟು ಬಾ.

ದೆವ್ವಕ್ಕೆಲ್ಲಿ ಪುರಸೊತ್ತು,
ಮುಂದಿನ ಮನಿಗೆ ಹೊಕ್ಕೈತಿ.
ಇಮಾಮಬಿ ಕಟ್ಟಿಗೆ ಕುಂತು
ಮತ್ತ ಬಡದ್ಲು. ತಗದೆ.

ಆಮ್ಯಾಲೆ ಫೋನ್ ಮಾಡಿ ಬೈದ್ಲು:
ರೊಕ್ಕ ಕೊಡಾಕ ಬಂದಾಕಿನ್ನೂ
ಕಾಯಸ್ತೀರೇನ್ರೀ?