ತಪ್ಪು ಗಾಜು

ಅಪ್ಪಾ ಬಳವಂತ ಚೌಕದ ಹತ್ತಿರ,
ಪುಸ್ತಕದಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ನಮ್ಮ ಅಂಗಡಿ.
ಪುಣೆಯಲ್ಲಿ ಎಲ್ಲರಿಗೂ ಅದು ಚಷ್ಮಾ;
ಕನ್ನಡಕ ಅನ್ನುವವನು ನಾನೊಬ್ಬ, ಅದೂ ಮನಸ್ಸಿನಲ್ಲಿ.
ಮೂವತ್ತೊಂದು ವರ್ಷದಿಂದ ಕೇಳುತ್ತಿರುವುದು ಒಂದೇ ಪ್ರಶ್ನೆ:
ಇದು ಸ್ಪಷ್ಟವೋ, ಇದೋ?

ಋತುಜಾ ಬೋಡಸ್ ಬಂದವಳೇ
ಕ್ಯಾಮೆರಾ ಮೇಜಿನ ಮೇಲಿಟ್ಟು
"ಕಾಕಾ, ಒಂದು ತಪ್ಪು ಗಾಜು ಮಾಡಿಕೊಡಿ" ಅಂದಳು.
ಎಷ್ಟು ತಪ್ಪು?
"ಮುಖ ಅಂತ ತಿಳಿಯಬೇಕು, ಯಾರದು ಅಂತ ತಿಳಿಯಬಾರದು."
ಇಂಥ ಚೀಟಿ ಯಾವ ಡಾಕ್ಟರೂ ಬರೆದದ್ದಿಲ್ಲ.
ಪ್ಲಸ್ ನಾಲ್ಕು ತೆಗೆದೆ, ಮಸುಕಾಗಲೆಂದು ಉಜ್ಜಿದೆ,
ಸಾಣೆಯ ಮೇಲೆ ಕೈ ತಾನಾಗಿ ಸರಿಯ ಕಡೆಗೇ ಜಾರುತ್ತಿತ್ತು;
ತಪ್ಪಲು ಕಲಿಯುವುದಕ್ಕೆ ಎರಡು ದಿನ ಹಿಡಿಯಿತು.
ದುಡ್ಡೆಷ್ಟು ಹೇಳುವುದೋ ತಿಳಿಯದೆ ಚಹಾ ತರಿಸಿದೆ.

ಘೋಲೆ ರಸ್ತೆಯಲ್ಲಿ ಪ್ರದರ್ಶನ. ಕರೆದಿದ್ದಳು, ಹೋದೆ,
ರಬ್ಬರ್ ಚಪ್ಪಲಿಯ ಸದ್ದಿಗೆ ನಾನೇ ನಾಚುತ್ತ.
ಬಿಳಿ ಗೋಡೆ, ಹನ್ನೊಂದು ಚಿತ್ರ.
ಮುಠಾ ನದಿಯೋ, ಮಂಡಯಿಯ ಚೆಂಡುಹೂವಿನ ರಾಶಿಯೋ,
ಮಳೆಯಲ್ಲಿ ನಿಂತ ಸ್ಕೂಟರುಗಳೋ,
ಹೆಸರಿಲ್ಲ, ನಂಬರು ಮಾತ್ರ.
ನನ್ನದು ಹಾಳು ಅಭ್ಯಾಸ, ಮನಸ್ಸಿನಲ್ಲೇ ಚೀಟಿ ಬರೆದೆ:
ಇದಕ್ಕೆ ಮೈನಸ್ ಎರಡೂವರೆ,
ಇದಕ್ಕೆ ಪೊರೆ ಬಂದಿದೆ,
ಇದಕ್ಕೆ ನಾಳೆಯೇ ಆಪರೇಷನ್.

ಏಳನೆಯದರ ಮುಂದೆ ಯಾಕೋ ಕನ್ನಡಕ ತೆಗೆದೆ.
ನನ್ನದು ಮೈನಸ್ ಒಂಬತ್ತು. ತೆಗೆದರೆ ಹೆಂಡತಿಯೂ ಬರೀ ಸೀರೆ.
ಚಿತ್ರ ಅಷ್ಟೇನೂ ಕದಲಲಿಲ್ಲ.
ಕರಗಿದ್ದು ಮಿಕ್ಕದ್ದೆಲ್ಲ: ಗೋಡೆ, ಬೆಲೆಯ ಚೀಟಿ,
ಲೋಟ ಹಿಡಿದು ತಲೆದೂಗುವ ಜನ, ನನ್ನ ಚಪ್ಪಲಿ.
ಇಡೀ ಕೋಣೆ ನಡೆದು ಚಿತ್ರದೊಳಕ್ಕೆ ಬಂತು.

ನಿಪ್ಪಾಣಿಯಲ್ಲಿ, ಒಂಬತ್ತು ತುಂಬುವವರೆಗೆ,
ಬೀದಿಯ ದೀಪವೆಂದರೆ ನನಗೆ ಮೊರದಗಲದ ಸೇವಂತಿಗೆ.
ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ.
ಕನ್ನಡಕ ಬಂದ ಸಂಜೆ ಅದು ಕಡಲೆಕಾಳಿನಷ್ಟಾಯಿತು.
ಮರಕ್ಕೆ ಎಲೆ ಬಂದವು,
ಅಕ್ಕನ ಗಲ್ಲಕ್ಕೆ ಸಿಡುಬಿನ ಕಲೆ.
ಮನೆಯವರೆಲ್ಲ ಖುಷಿಪಟ್ಟರು.
ಹೂವೆಲ್ಲಿ ಅಂತ ನಾನು ಕೇಳಲಿಲ್ಲ.

ಇಲ್ಲಿತ್ತು ಅದು, ಚೌಕಟ್ಟಿನ ಎಡಮೂಲೆಯಲ್ಲಿ, ಅಷ್ಟೇ ಅಗಲ.

ಇವತ್ತು ಒಬ್ಬ ಹುಡುಗ ಬಂದಿದ್ದ.
ಕೊನೆಯ ಸಾಲು ಓದು ಅಂದರೆ "ಮುಂಗ್ಯಾ" ಅಂದ,
ಇರುವೆಗಳು.
ಅವರಮ್ಮ ಬೈದಳು.
ನಾನು ಗಾಜನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದೆ,
ಎತ್ತ ಹೊರಟಿವೆ?