ಅಂಚಿನ ಪೆನ್ಸಿಲ್

ನಲವತ್ತಾರು ಪುಸ್ತಕವಾದರೂ
ಮೇಜರ್ ಟ್ವೇಟ್‌ಗೆ ಇನ್ನೂ ಮೂವತ್ತೆಂಟೇ ವಯಸ್ಸು.
ಮೊದಲನೆಯದಕ್ಕೆ ರಟ್ಟು ಕಟ್ಟಿಸಿದ ವರ್ಷ
ನನಗೂ ಅಷ್ಟೇ ಆಗಿತ್ತು.
ಈಗ ಅವನ ಮೇಲಿನ ಅಟ್ಟಣೆಗೆ ಏಣಿ ಹತ್ತಿದರೆ
ನನ್ನ ಮಂಡಿ ಲಟ್ ಎನ್ನುತ್ತದೆ;
ಅವನೋ, ಸಬ್‌ಮರೀನಿನ ಬಾಯಿಂದ
ಮಂಜುಗಡ್ಡೆಗೆ ಹಾರುತ್ತಲೇ ಇದ್ದಾನೆ.

ಪುಸ್ತಕದಲ್ಲಿ ಬರೆಯಕೂಡದು:
ವಾರ್ಡೋ ಗ್ರಂಥಾಲಯದ ಈ ಬೋರ್ಡು ಬರೆದವಳು ನಾನೇ.
ಆದರೆ ನವೆಂಬರಿನಲ್ಲಿ ಮುಳುಗಿದ ಸೂರ್ಯ
ಜನವರಿಯವರೆಗೆ ಇತ್ತ ತಲೆಹಾಕುವುದಿಲ್ಲ.
ಅಷ್ಟುದ್ದದ ರಾತ್ರಿಗೆ ಓದಿದವರು
ಯಾರಿಗಾದರೂ ಹೇಳಬೇಕಲ್ಲ.
ಪುಟದ ಅಂಚಿಗೇ ಹೇಳುತ್ತಾರೆ.

ಮೂರನೆಯದು, ಪುಟ ನೂರಾ ಹನ್ನೆರಡು,
ಮೀನು ಕಾರ್ಖಾನೆಯ ಆಸ್ಲೌಗ್:
‘ಕೊಂದೇಬಿಟ್ಟಿರಾ ಆ ಹುಡುಗಿಯನ್ನು?
ಇನ್ನು ಈ ಸರಣಿ ಮುಟ್ಟಿದರೆ ಕೇಳಿ.’
ನಾಲ್ಕನೆಯದರಲ್ಲಿ ಅದೇ ಕೈ,
ಅದೇ ಎಣ್ಣೆ ಹತ್ತಿದ ಹೆಬ್ಬೆಟ್ಟು:
‘ಸತ್ತಿಲ್ಲ ಅಂತ ನನಗೆ ಗೊತ್ತಿತ್ತು.’

ಹಾಲ್ಗೇರ್ ಮೇಷ್ಟ್ರದು ಕೆಂಪು ಪೆನ್ಸಿಲ್.
‘ಈ ಗಾಳಿಗೆ ಯಾವ ದೋಣಿಯೂ ಹಾಗೆ ತಿರುಗದು.’
‘ಹನ್ನೆರಡರ ಮೇಲೆ ಇದು ಬಾಡಿಗೆ ಕೈಯ ಬರಹ.’
ಕೆಳಗೆ ಯಾರದೋ ಕೊಂಕು:
‘ಹಾಗಿದ್ದರೆ ಇಪ್ಪತ್ತನೆಯದನ್ನು ಮೂರು ವಾರ
ಮನೆಯಲ್ಲಿಟ್ಟುಕೊಂಡು ಕೂತವರು ಯಾರು, ಮೇಷ್ಟ್ರೇ?’

ಟೋರ್ಗಿಲ್ಸ್ ಹೆಣ ಎಣಿಸುತ್ತಿದ್ದ,
ನಾಲ್ಕು ಗೀಟು, ಅಡ್ಡ ಒಂದು, ಐದೈದರ ಕಂತೆ.
ಸೈನ್ಯಕ್ಕೆ ಹೋದ, ಎಲ್ಲೋ ಮರಳುಗಾಡಿಗೆ ಕಳಿಸಿದರು.
ರಜೆಗೆ ಬಂದವನು ಮೂವತ್ತನೆಯದನ್ನು ಒಯ್ದು
ಮರುದಿನವೇ ತಂದಿಟ್ಟ.
ಒಂದು ಗೀಟೂ ಇರಲಿಲ್ಲ.

ಇನ್ನು ಐಲಿಫ್.
ಗುಡ್ಡದ ಮೇಲೆ ಬಿಳಿ ಗುಮ್ಮಟಗಳಿವೆ,
ಯಾವ ಹಕ್ಕಿಯೂ ಕಾವು ಕೊಡದ ಮೊಟ್ಟೆಗಳು.
ಅಲ್ಲಿ ಮೂವತ್ತು ವರ್ಷ ರಾತ್ರಿ ಪಾಳಿ.
ಏನು ಕೆಲಸ ಎಂದರೆ ‘ಹವಾಮಾನ’ ಎನ್ನುತ್ತಿದ್ದ,
ಹೆಂಡತಿ ಬೋರ್ಗ್‌ಹಿಲ್ಡ್‌ಗೂ ಅಷ್ಟೇ.
ಅಂಚಿನಲ್ಲಿ ಅವನು ಬರೆದದ್ದು ಒಂದೇ ಮಾತು: ‘ಅಲ್ಲ.’
ಪರದೆಯಲ್ಲಿ ಚುಕ್ಕಿ ಮಿನುಗಿ ಮೇಜರ್ ನೆಗೆದೆದ್ದರೆ, ಅಲ್ಲ.
ಒಂದೇ ರಾತ್ರಿಯಲ್ಲಿ ವೈರಿಯ ಸಂಕೇತ ಒಡೆದರೆ, ಅಲ್ಲ.
ಸುಂದರಿ, ಸೈರನ್, ಗುಟ್ಟಿನ ಬಾಗಿಲು,
ಅಲ್ಲ, ಅಲ್ಲ, ಅಲ್ಲ.

ಪ್ರತಿ ವಸಂತದಲ್ಲೂ ರಬ್ಬರ್ ಹಿಡಿದು ಕೂರುತ್ತೇನೆ.
ಮೇಷ್ಟ್ರದ್ದನ್ನು ಅಳಿಸುತ್ತೇನೆ, ಆಸ್ಲೌಗಳದ್ದನ್ನೂ.
ಐಲಿಫನ ಪುಟ ಬಂದಾಗ
ಕಾಫಿಗೆ ನೀರಿಡಲು ಏಳುತ್ತೇನೆ.

ಇಪ್ಪತ್ತೇಳನೆಯದು ಯಾರಿಗೂ ಹಿಡಿಸಲಿಲ್ಲ,
‘ಕೊನೆಯಲ್ಲಿ ಏನೂ ನಡೆಯುವುದೇ ಇಲ್ಲ’ ಎಂದು ಊರೆಲ್ಲ ದೂರು.
ಪುಟ ಇನ್ನೂರ ನಲವತ್ತೊಂದು:
ಮೇಜರ್ ಮನೆಗೆ ಬರುತ್ತಾನೆ. ಬೂಟು ಬಿಚ್ಚುತ್ತಾನೆ.
‘ಇವತ್ತು ಏನು ಮಾಡಿದಿರಿ?’ ಅವಳು ಕೇಳುತ್ತಾಳೆ.
‘ಏನಿಲ್ಲ’ ಎಂದು ಬ್ರೆಡ್ಡು ಕೊಯ್ಯುತ್ತಾನೆ.
ಅಂಚಿನಲ್ಲಿ, ಹಿಂದಿನ ಪುಟಕ್ಕೂ ಅಚ್ಚು ಮೂಡುವಷ್ಟು ಒತ್ತಿ:
‘ಹೌದು.’

ಫೆಬ್ರವರಿಯಲ್ಲಿ ಐಲಿಫ್ ತೀರಿಕೊಂಡ.
ಏಪ್ರಿಲಿನಲ್ಲಿ ನಲವತ್ತಾರನೆಯದು ಬಂತು.
ಆಸ್ಲೌಗ್ ತಂದು ಮೇಜಿಗೆ ಕುಕ್ಕಿದಳು:
‘ಸಪ್ಪೆ. ಎಲ್ಲೂ ಯಾರೂ ಅಲ್ಲ ಅನ್ನಲಿಲ್ಲ.
ನಂಬುವುದು ಹೇಗೆ?’

ಆಮೇಲೊಂದು ಮಧ್ಯಾಹ್ನ ಬೋರ್ಗ್‌ಹಿಲ್ಡ್,
ಅವನ ಕಾರ್ಡು ಹಿಂತಿರುಗಿಸಲು.
ಓದುವವಳಲ್ಲ ಅವಳು, ಹೆಣೆಯುವವಳು.
ಕೈಚೀಲದ ಜಿಪ್ಪು ತೆಗೆದು, ಹಾಕಿ, ತೆಗೆದು,
‘ಇಲ್ಲಾದರೂ ಏನಾದರೂ ಹೇಳುತ್ತಿದ್ದರಾ?’

ಏಣಿ ಹತ್ತಿದೆ. ಲಟ್ ಎಂದಿತು.

ಕಿಟಕಿಯ ಬಳಿ ಕೂತು ಒಂದೊಂದೇ ಹಾಳೆ ತಿರುವಿದಳು,
ಮೇಜರ್‌ನ ಕಡೆ ನೋಡಲೇ ಇಲ್ಲ.
ಮುಚ್ಚುವ ಹೊತ್ತು ಮೀರಿತು, ಗಂಟೆ ಬಾರಿಸಲಿಲ್ಲ.
ಕೊನೆಗೊಮ್ಮೆ, ತಲೆ ಎತ್ತದೆ,
‘ಪೆನ್ಸಿಲ್ ಇದೆಯಾ?’

ಏನು ಬರೆದಳೋ. ನಾನಿನ್ನೂ ತೆರೆದಿಲ್ಲ.
ಇಪ್ಪತ್ತೇಳು ಕೇಳಿ ಬಂದವರಿಗೆಲ್ಲ
‘ರಟ್ಟು ಕಟ್ಟಲು ಹೋಗಿದೆ’ ಎನ್ನುತ್ತೇನೆ,
ಕಣ್ಣು ಮಿಟುಕಿಸದೆ.