ರಿಹರ್ಸ್

ಫೋರ್ಟಿನ ಬಜಾರ್ ಗೇಟ್ ಬೀದಿಯ ಆ ಶಾಲೆ
ಹಗಲು ಗುಜರಾತಿ ಮಕ್ಕಳದ್ದು.
ರಾತ್ರಿ ಎಂಟೂವರೆಗೆ ನಮ್ಮದು.
ಡೆಸ್ಕಿನಡಿ ಅವರು ಬಿಟ್ಟುಹೋದ ಪೆನ್ಸಿಲಿನ ಹೊಟ್ಟು,
ಡೆಸ್ಕಿನ ಮೇಲೆ ನಮ್ಮ ಕೈಗಳ ನೀರುಳ್ಳಿ ವಾಸನೆ.

ಆ ವರ್ಷ ವಾರ್ಷಿಕೋತ್ಸವಕ್ಕೆ ನಾಟಕವಿತ್ತು.
ಕುಂದರ್ ಮಾಸ್ಟ್ರು ಬೋರ್ಡಿನ ಮೇಲೆ
ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ ಬರೆದು
ಸೀಮೆಸುಣ್ಣ ಕೆಳಗಿಟ್ಟರು: ರಿಹರ್ಸ್.
ಎಂದರೆ ಏನು ಮಾಡುವುದು?

"ತಾಲೀಮು, ಸಾರ್" ಎಂದ ಜಾರಪ್ಪ,
ಪರೇಲಿನ ಅಖಾಡದಿಂದ ಮಣ್ಣು ಮೆತ್ತಿಕೊಂಡೇ ಬರುವವನು.
"ಇಲ್ಲಿಯವರಿಗೆ ಕುಸ್ತಿಗೂ ಅದೇ, ನಾಟಕಕ್ಕೂ ಅದೇ."
"ಸರಿ. ಪದದ ಹೊಟ್ಟೆಯೊಳಗೆ ಏನುಂಟು ನೋಡುವ"
ಎನ್ನುತ್ತ ರಟ್ಟು ಕಳಚಿದ ಡಿಕ್ಷನರಿ ತೆರೆದು
ಮಾಸ್ಟ್ರೇ ಬೆರಗಾದರು.

ಒಳಗೆ ಗದ್ದೆ ಇತ್ತು.
ಘಟ್ಟದ ಮೇಲಿನವರು ಹಲುಬೆ ಅನ್ನುತ್ತಾರಲ್ಲ,
ಉತ್ತಾದ ಮೇಲೆ ಹೆಂಟೆ ಒಡೆಯಲು
ಎತ್ತಿನ ಹಿಂದೆ ಕಟ್ಟುವ ಹಲ್ಲಿನ ಮರ,
ಅದು. ಎಳೆದ ನೆಲದ ಮೇಲೆಯೇ
ಅದನ್ನು ಮತ್ತೊಮ್ಮೆ ಎಳೆಯುವುದು ರಿಹರ್ಸ್.
ಫ್ರಾನ್ಸಿನ ಯಾವನೋ ಒಕ್ಕಲಿಗನ ಜೋಡೆತ್ತು
ಇಂಗ್ಲಿಷಿಗೆ ನುಗ್ಗಿ, ಸಮುದ್ರ ದಾಟಿ
ನಮ್ಮ ಬೋರ್ಡಿನ ಮುಂದೆ ಮೂಗು ಒರೆಸುತ್ತ ನಿಂತಿತ್ತು.

"ಇನ್ನೊಂದು ಬಳಕೆಯೂ ಉಂಟು.
ಆದ ಅನ್ಯಾಯಗಳನ್ನು ಒಂದೊಂದಾಗಿ
ಮತ್ತೆ ಮತ್ತೆ ಹೇಳಿಕೊಂಡರೂ ರಿಹರ್ಸೇ.
ನಾವು ಹಲುಬುವುದು ಅನ್ನುತ್ತೇವೆ."
ಹಲುಬೆ, ಹಲುಬು:
ಅಕ್ಕತಂಗಿಯರೋ ಬರೀ ನೆರೆಮನೆಯವರೋ
ಮಾಸ್ಟ್ರಿಗೂ ಗೊತ್ತಿರಲಿಲ್ಲ.
ನನಗೆ ಬಸಿ ತೊಳೆಯುವ ಐತ ನೆನಪಾದ.
ಮೈದಾ ಚೀಲದ ಮೇಲೆ ಮಲಗಿ ದಿನಾ ರಾತ್ರಿ:
ಮೇ ತಿಂಗಳದ್ದು ಹದಿನಾರು ಬರಬೇಕು,
ಜೂನಿನದ್ದು ಅರ್ಧ,
ಒಡೆದ ಗ್ಲಾಸಿಗೆ ಮುರಿದದ್ದು ಮೂರು,
ಒಡೆದದ್ದು ನಾನಲ್ಲ,
ಮೇ ತಿಂಗಳದ್ದು ಹದಿನಾರು...

"ನಾಳೆ ಒಬ್ಬೊಬ್ಬರು ಒಂದೊಂದು ವಾಕ್ಯ ತರಬೇಕು."

ನಾಳೆ ಲೇಬರ್ ಇನ್‌ಸ್ಪೆಕ್ಟರ್ ಬರುವವನಿದ್ದ.
ಬೆಳಗಿನ ನಾಲ್ಕಕ್ಕೆ, ಒಲೆ ಹೊತ್ತಿಸುವ ಮೊದಲೇ,
ಮ್ಯಾನೇಜರ್ ಸಂಜೀವಣ್ಣ
ನಮ್ಮೈವರನ್ನು ಸಾಲಾಗಿ ನಿಲ್ಲಿಸಿದ.
ವಯಸ್ಸೆಷ್ಟು?
ಹದಿನೆಂಟು.
ನೆಲ ನೋಡಬೇಡ. ವಯಸ್ಸೆಷ್ಟು?
ಹದಿನೆಂಟು.
ನನಗೆ ಹನ್ನೆರಡು. ದನಿ ಒಡೆದಿರಲಿಲ್ಲ.
"ಗಂಟಲು ಕೆಳಗಿಳಿಸೋ, ಹೊಟ್ಟೆಯಿಂದ ಬರಲಿ."
ಏಳನೆಯ ಸಲಕ್ಕೆ
ಮೂಗಿನ ಕೆಳಗೆ ಮೀಸೆ ತುರಿಸಿದಂತಾಯಿತು.

ಹನ್ನೊಂದಕ್ಕೆ ಬಂದ. ಕನ್ನಡಕ ಒರೆಸಿಕೊಂಡ.
ವಯಸ್ಸು ಕೇಳಲೇ ಇಲ್ಲ.
"ಎಷ್ಟನೇ ಕ್ಲಾಸು, ಬಾಳಾ?" ಎಂದ ಮರಾಠಿಯಲ್ಲಿ.
ತಾಲೀಮಿನಲ್ಲಿ ಆ ಪ್ರಶ್ನೆ ಇರಲಿಲ್ಲ.
"ಆರನೇದು" ಎಂದುಬಿಟ್ಟೆ, ಎದೆಯುಬ್ಬಿಸಿ, ಕೀಚಲು ದನಿಯಲ್ಲಿ.

ವಡೆಯ ಬಾಣಲೆ ಒಂದೇ ಮಾತಾಡುತ್ತಿತ್ತು.
ಅವನು ಪೆನ್ನಿನ ಮುಚ್ಚಳ ಬಿಚ್ಚಿದ.
ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.
ಮುಚ್ಚಳ ಹಾಕಿದ.
ಗಲ್ಲಾದ ಡ್ರಾಯರಿನಿಂದ ಲಕೋಟೆ ಬಂತು.
ಅದು ಅವನ ಕಿಸೆಗೆ ಇಳಿದ ರೀತಿ ನೋಡಿದೆ:
ಒಂದು ಚೂರೂ ತಡವರಿಸದೆ,
ನೂರು ಸಲ ಆಡಿದ ಪಾತ್ರದ ಹಾಗೆ.
ಚಹಾ ಮಾತ್ರ ಹಾಗೇ ಬಿಟ್ಟುಹೋದ, ಕೆನೆ ಕಟ್ಟಿತ್ತು.

ರಾತ್ರಿ ನನ್ನ ನೋಟುಬುಕ್ಕಿನಲ್ಲಿ:
ವೀ ರಿಹರ್ಸ್ ಅವರ್ ಏಜ್.
ಮಾಸ್ಟ್ರು ಎರಡು ಸಲ ಓದಿದರು.
ಕೆಂಪು ಪೆನ್ಸಿಲು ಕಿವಿಯ ಮೇಲೆಯೇ ಉಳಿಯಿತು.
"ವ್ಯಾಕರಣ ಸರಿಯಿದೆ" ಎಂದು
ಕಿಟಕಿಯ ಹತ್ತಿರ ಹೋಗಿ ನಿಂತರು.
ಹೊರಗೆ ಬಂದರಿನ ಕಡೆಯಿಂದ ಯಾವುದೋ ಹಡಗು ಕೂಗಿತು.

ಆಮೇಲೆ ಬೆಂಚು ಸರಿಸಿ ನಾಟಕಕ್ಕೆ ನಿಂತೆವು.
ನನ್ನದು ದ್ವಾರಪಾಲಕ, ಕೈಯಲ್ಲಿ ಪೊರಕೆಯ ಕೋಲು, ಒಂದೇ ಮಾತು.
"ಅಪ್ಪಣೆ, ಪ್ರಭೂ."
ಗಂಟಲು ತಾನಾಗಿ ಕೆಳಗಿಳಿಯಿತು.
ಹುಡುಗರೆಲ್ಲ ತಿರುಗಿ ನೋಡಿದರು.
ಅಬ್ಬ, ಈ ದನಿ ಎಲ್ಲಿ ಕಲಿತೆಯೋ, ಎಂದ ಜಾರಪ್ಪ,
ಇನ್ನೊಮ್ಮೆ ಹೇಳು.